ಎರಡೂ ಪರೀಕ್ಷೆ ಪಾಸಾದ ಮೇಲೂ ರೀಬ್ರೀದರ್ ಉಸಿರು ಕಟ್ಟಿಸಿದ್ದೇಕೆ?

ಪ್ರಶ್ನೆ: ನನ್ನ ಊರು ಭಟ್ಕಳ, ಕೆಲಸ ದುಬೈಯಲ್ಲಿ. ಡೈವಿಂಗ್ ಕಲಿತದ್ದು ನೇತ್ರಾಣಿಯಲ್ಲಿ. ಈಗ 200ಕ್ಕೂ ಹೆಚ್ಚು ಸ್ಕೂಬಾ ಡೈವ್ ಆಗಿವೆ. ಕಳೆದ ತಿಂಗಳು ಫುಜೈರಾದಲ್ಲಿ ಎಲೆಕ್ಟ್ರಾನಿಕ್ ರೀಬ್ರೀದರ್ ಕೋರ್ಸಿಗೆ ಸೇರಿದೆ. ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ತೆಗೆದು, ಆಕ್ಸಿಜನ್ ಸೇರಿಸಿ, ಅದನ್ನೇ ಮತ್ತೆ ಉಸಿರಾಡಿಸುವ ಯಂತ್ರ ಅದು. ನಾಲ್ಕನೆಯ ದಿನ ಯಂತ್ರವನ್ನು ನಾನೇ ಜೋಡಿಸಿದೆ. ಸೋರಿಕೆ ನೋಡುವ ಪಾಸಿಟಿವ್, ನೆಗೆಟಿವ್ ಎರಡೂ ಪರೀಕ್ಷೆ ಪಾಸ್. ದಡದಲ್ಲಿ ಐದು ನಿಮಿಷ ಪ್ರೀಬ್ರೀದ್ (ನೀರಿಗಿಳಿಯುವ ಮುಂಚೆ ಯಂತ್ರದಿಂದ ಉಸಿರಾಡಿ ನೋಡುವುದು) ಮಾಡಿದಾಗಲೂ ಏನೂ ಅನ್ನಿಸಲಿಲ್ಲ. 18 ಮೀಟರಿನಲ್ಲಿ, ಇಪ್ಪತ್ತು ನಿಮಿಷ ಕಳೆದ ಮೇಲೆ ಸೆಳೆತಕ್ಕೆ ಎದುರಾಗಿ ಈಜುವಾಗ ಏದುಸಿರು ಶುರುವಾಯಿತು. ಈಜು ನಿಲ್ಲಿಸಿದರೂ ಇಳಿಯಲಿಲ್ಲ, ತಲೆ ಸಿಡಿಯತೊಡಗಿತು. ಪರದೆಯ ಮೇಲೆ ಪಿಒ2 (ಆಕ್ಸಿಜನ್‌ನ ಆಂಶಿಕ ಒತ್ತಡ, ಬಾರ್ ಲೆಕ್ಕದಲ್ಲಿ) ಮಾತ್ರ 1.2ರಲ್ಲೇ ನಿಂತಿತ್ತು. ತುರ್ತಿಗೆಂದು ಹೊರುವ ಬೇಲ್‌ಔಟ್ ಸಿಲಿಂಡರಿಗೆ ಬದಲಾಯಿಸಿಕೊಂಡು ಮೇಲೆ ಬಂದೆವು. ಬಿಚ್ಚಿ ನೋಡಿದರೆ ಸ್ಕ್ರಬ್ಬರ್ ಕ್ಯಾನಿಸ್ಟರಿನ (ಇಂಗಾಲದ ಡೈಆಕ್ಸೈಡ್ ಹೀರುವ ಡಬ್ಬಿಯ) ಓ-ರಿಂಗೇ, ಅಂದರೆ ಸಂದು ಮುಚ್ಚುವ ರಬ್ಬರ್ ಬಳೆಯೇ ಇಲ್ಲ. ಹಿಂದಿನ ರಾತ್ರಿ ತೊಳೆದು ಒಣಗಲು ಇಟ್ಟದ್ದು ಕೋಣೆಯಲ್ಲೇ ಉಳಿದಿತ್ತು. ಓ-ರಿಂಗ್ ಇಲ್ಲದೆ ಎರಡು ಪರೀಕ್ಷೆ ಪಾಸಾದದ್ದು ಹೇಗೆ? ಇದು ಯಂತ್ರದ ದೋಷವೇ? ಕೋರ್ಸ್ ಮುಂದುವರಿಸಲೇ, ಬಿಡಲೇ? ಮನೆಯವಳು ಬೇಡವೇ ಬೇಡ ಅನ್ನುತ್ತಾಳೆ. ಇನ್ನೊಂದು ಸಣ್ಣ ಪ್ರಶ್ನೆ: ಆ ಕ್ಯಾನಿಸ್ಟರಿನೊಳಗಿನ ಹೀರುವ ಹರಳುಗಳನ್ನು, ಅಂದರೆ ಸೋಡಾ ಲೈಮನ್ನು, ಒಂದು ಡಬ್ಬಿಗೆ ಸುರಿದಿಟ್ಟಿದ್ದೇನೆ. ಅರ್ಧ ಗಂಟೆಯೂ ಬಳಸಿದ್ದಲ್ಲ. ಮತ್ತೆ ತುಂಬಬಹುದೇ?

ಉತ್ತರ: ಏದುಸಿರು ಬಂದಾಗ "ಸ್ವಲ್ಪ ಸುಧಾರಿಸಿಕೊಂಡು ನೋಡೋಣ" ಎಂದು ಕಾಯದೆ ಬೇಲ್‌ಔಟ್‌ಗೆ ಹೋದಿರಲ್ಲ, ನೀವು ಈ ಪತ್ರ ಬರೆಯಲು ಸಾಧ್ಯವಾದದ್ದು ಅದರಿಂದ. ಇನ್ನು ನಿಮ್ಮ ಮೊದಲ ಪ್ರಶ್ನೆಯಲ್ಲೇ ಉಳಿದ ಪ್ರಶ್ನೆಗಳ ಬೀಗದ ಕೈ ಇದೆ: ಆ ಎರಡು ಪರೀಕ್ಷೆಗಳು ನಿಜಕ್ಕೂ ಏನನ್ನು ಪರೀಕ್ಷಿಸುತ್ತವೆ?

ಪಾಸಿಟಿವ್ ಪರೀಕ್ಷೆಯಲ್ಲಿ ಲೂಪಿಗೆ (ಉಸಿರು ಸುತ್ತುವ ಮುಚ್ಚಿದ ದಾರಿಗೆ) ಗಾಳಿ ತುಂಬಿ, ಕೌಂಟರ್‌ಲಂಗ್ ಎಂಬ ಉಸಿರಿನ ಚೀಲ ಉಬ್ಬಿಕೊಂಡೇ ಇರುತ್ತದೆಯೇ ಎಂದು ನೋಡುತ್ತೇವೆ. ನೆಗೆಟಿವ್‌ನಲ್ಲಿ ಬಾಯಿಂದ ಗಾಳಿ ಎಳೆದು, ಮೆದುಗೊಳವೆಗಳು ಕುಗ್ಗಿಕೊಂಡೇ ಉಳಿಯುತ್ತವೆಯೇ ಎಂದು ಕಾಯುತ್ತೇವೆ. ಎರಡೂ ನೋಡುವುದು ಒಂದೇ ಗೋಡೆಯನ್ನು, ಅಂದರೆ ಲೂಪಿಗೂ ಹೊರಗಿನ ನೀರಿಗೂ ನಡುವಿನ ಗೋಡೆಯನ್ನು. ನೀರು ಒಳಗೆ ನುಗ್ಗಿ ಸೋಡಾ ಲೈಮಿಗೆ ಸೇರಿದರೆ ಬಾಯಿ ಗಂಟಲು ಸುಡುವ ಕ್ಷಾರದ ದ್ರಾವಣವಾಗುತ್ತದೆ, ಹಾಗಾಗಿ ಈ ಪರೀಕ್ಷೆಗಳು ಬೇಕೇ ಬೇಕು. ಆದರೆ ಯಂತ್ರದೊಳಗೆ ಇನ್ನೊಂದು ಗೋಡೆಯಿದೆ. ನೀವು ಬಿಟ್ಟ ಉಸಿರನ್ನೂ ನೀವು ಎಳೆದುಕೊಳ್ಳಬೇಕಾದ ಉಸಿರನ್ನೂ ಬೇರ್ಪಡಿಸುವ ಒಳಗೋಡೆ ಅದು. ಅದರಲ್ಲಿ ಎಷ್ಟು ದೊಡ್ಡ ತೂತಿದ್ದರೂ ಹೊರಗೋಡೆಯ ಪರೀಕ್ಷೆಗೆ ಕಾಣುವುದಿಲ್ಲ. ಲೂಪಿನ ಗಾಳಿ ಲೂಪಿನೊಳಗೇ ಇರುತ್ತದೆ, ತಪ್ಪು ದಾರಿಯಲ್ಲಿ ಸುತ್ತುತ್ತಿರುತ್ತದೆ, ಅಷ್ಟೇ. ಕೆಲವು ಯಂತ್ರಗಳಲ್ಲಿ ಹೊರಗೋಡೆಯ ಓ-ರಿಂಗೂ ಒಳಗೋಡೆಯ ಓ-ರಿಂಗೂ ಅಕ್ಕಪಕ್ಕದಲ್ಲೇ ಕೂರುತ್ತವೆ. ಹೊರಗಿನದ್ದು ಮರೆತಿದ್ದರೆ ನೆಗೆಟಿವ್ ಪರೀಕ್ಷೆ ಕೂಡಲೇ ಹೇಳುತ್ತಿತ್ತು. ನೀವು ಮರೆತದ್ದು ಒಳಗಿನದ್ದು.

ನಮ್ಮ ಮನೆಯ ಕಾಫಿ ಫಿಲ್ಟರ್ ನೆನೆಸಿಕೊಳ್ಳಿ. ಪುಡಿಯನ್ನು ಸಮನಾಗಿ ಒತ್ತದಿದ್ದರೆ, ಅಥವಾ ಅಂಚಿನಲ್ಲಿ ಸಂದು ಬಿಟ್ಟರೆ, ಬಿಸಿನೀರು ಪುಡಿಯ ಗೊಡವೆಗೇ ಹೋಗದೆ ಪಕ್ಕದಿಂದ ಸರಕ್ಕನೆ ಇಳಿಯುತ್ತದೆ. ಡಿಕಾಕ್ಷನ್ ನೀರುನೀರು. ಗಾಳಿಯೂ ಹಾಗೆಯೇ ಸುಲಭದ ದಾರಿ ಹುಡುಕುತ್ತದೆ. ಕ್ಯಾನಿಸ್ಟರಿನೊಳಗೆ ಎರಡೂವರೆ ಕಿಲೋ ಹರಳುಗಳ ನಡುವೆ ನುಸುಳುವುದಕ್ಕಿಂತ ಓ-ರಿಂಗ್ ಇಲ್ಲದ ಸಂದಿನಲ್ಲಿ ಹೋಗುವುದು ಅದಕ್ಕೆ ಸಲೀಸು.

ಸ್ವಲ್ಪ ಲೆಕ್ಕ ಹಾಕೋಣ. ನಾವು ಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ (ಸಿಒ2) ಸುಮಾರು 4%. ಅದರಲ್ಲಿ ಹತ್ತನೇ ಒಂದು ಪಾಲು ಸ್ಕ್ರಬ್ಬರ್ ತಪ್ಪಿಸಿಕೊಂಡು ವಾಪಸ್ ಬಂದರೆ, ಎಳೆಯುವ ಉಸಿರಿನಲ್ಲಿ ಅದು 0.4%ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮೂರನೇ ಒಂದು ಪಾಲು ತಪ್ಪಿಸಿಕೊಂಡರೆ 2%. ಸ್ಕ್ರಬ್ಬರ್ ಮುಗಿಯಿತು ಎಂದು ಪರೀಕ್ಷಾಲಯದಲ್ಲಿ ಗೆರೆ ಎಳೆಯುವುದೇ 0.5 ಕಿಲೋಪಾಸ್ಕಲ್‌ಗೆ, ಅಂದರೆ ಮೇಲ್ಮೈ ಲೆಕ್ಕದಲ್ಲಿ 0.5%ಗೆ. ಹೊಚ್ಚ ಹೊಸ ಸೋಡಾ ಲೈಮ್ ತುಂಬಿಕೊಂಡು ನೀವು ಮುಗಿದುಹೋದ ಸ್ಕ್ರಬ್ಬರಿನಲ್ಲಿ ಉಸಿರಾಡುತ್ತಿದ್ದಿರಿ.

ದಡದಲ್ಲಿ ಗೊತ್ತಾಗಲಿಲ್ಲವೇಕೆ? ಸುಮ್ಮನೆ ಕುಳಿತವನ ದೇಹ ಇದನ್ನು ಸದ್ದಿಲ್ಲದೆ ಸರಿದೂಗಿಸಿಕೊಳ್ಳುತ್ತದೆ. ಉಸಿರು ತುಸು ಆಳವಾಗುತ್ತದೆ, ನಮ್ಮ ಗಮನಕ್ಕೇ ಬರುವುದಿಲ್ಲ. "ಸ್ಕ್ರಬ್ಬರ್ ಸರಿಯಿಲ್ಲದಿದ್ದರೆ ಪ್ರೀಬ್ರೀದ್‌ನಲ್ಲೇ ತಿಳಿಯುತ್ತದೆ" ಎಂಬ ನಂಬಿಕೆ ಡೈವರುಗಳಲ್ಲಿ ಬಹಳ ಕಾಲ ಇತ್ತು. 2015ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಪರೀಕ್ಷೆಗೊಡ್ಡಿದರು. 20 ಮಂದಿಗೆ, ಯಾವ ಯಂತ್ರದಲ್ಲಿ ಏನಿದೆ ಎಂದು ತಿಳಿಸದೆ, ಐದೈದು ನಿಮಿಷ ಉಸಿರಾಡಿಸಿದರು. ಸ್ಕ್ರಬ್ಬರನ್ನೇ ತೆಗೆದುಹಾಕಿದ್ದಾಗ 15 ಮಂದಿ ತೊಂದರೆ ಗುರುತಿಸಿ ನಿಲ್ಲಿಸಿದರು, ಐವರಿಗೆ ಗೊತ್ತೇ ಆಗಲಿಲ್ಲ. ಭಾಗಶಃ ಸೋರಿಕೆ ಇದ್ದಾಗ, ಅಂದರೆ ನಿಮ್ಮಂಥದೇ ಸಂದರ್ಭದಲ್ಲಿ, ನಿಲ್ಲಿಸಿದವರು ಇಬ್ಬರು. ಉಳಿದ 18 ಮಂದಿ ನಿಮ್ಮ ಹಾಗೆಯೇ "ಎಲ್ಲ ಸರಿಯಿದೆ" ಎಂದು ನೀರಿಗಿಳಿಯುತ್ತಿದ್ದರು. ನಿಮ್ಮ ಗಮನ ಸಾಲದೆ ಹೋಯಿತು ಎಂದು ಹಳಹಳಿಸಬೇಡಿ. ಆ ಪರೀಕ್ಷೆಗೆ ಅದನ್ನು ಹಿಡಿಯುವ ಶಕ್ತಿಯೇ ಇರಲಿಲ್ಲ.

ಆಳಕ್ಕೆ ಹೋದಂತೆ ಇದೇ ಸೋರಿಕೆ ಹಲ್ಲು ತೋರಿಸುತ್ತದೆ. ಒತ್ತಡ ಏರಿದಷ್ಟೂ ಉಸಿರಾಡುವ ಅನಿಲ ಸಾಂದ್ರವಾಗುತ್ತದೆ, ಅದನ್ನು ಎಳೆದು ಬಿಡುವುದೇ ಒಂದು ದುಡಿಮೆಯಾಗುತ್ತದೆ. ಅನಿಲದ ಸಾಂದ್ರತೆ ಲೀಟರಿಗೆ 5.2 ಗ್ರಾಂ ದಾಟದಿರಲಿ, 6.2ಕ್ಕಂತೂ ಮುಟ್ಟದಿರಲಿ ಎಂಬುದು ಈಗ ಒಪ್ಪಿತವಾದ ಮಿತಿ. ಗಾಳಿಯಾದರೆ ಇವು ಹೆಚ್ಚುಕಡಿಮೆ 31 ಮತ್ತು 39 ಮೀಟರಿಗೆ ಬರುತ್ತವೆ. ನೀವಿದ್ದ 18 ಮೀಟರ್ ಅಂಥ ಆಳವೇನಲ್ಲ, ಆದರೆ ಸೆಳೆತಕ್ಕೆ ಎದುರಾಗಿ ಈಜುವಾಗ ದೇಹ ಕುಳಿತಿದ್ದಾಗಿನ ಹಲವು ಪಟ್ಟು ಸಿಒ2 ಹುಟ್ಟಿಸುತ್ತದೆ. ದಡದಲ್ಲಿ ಸರಿದೂಗಿಸಿಕೊಂಡಿದ್ದ ದೇಹಕ್ಕೆ ಇಲ್ಲಿ ಸಾಧ್ಯವಾಗಲಿಲ್ಲ. ನೀವು 35 ಮೀಟರಿನಲ್ಲಿದ್ದಿದ್ದರೆ ಕತೆ ಬೇರೆಯಾಗಿರುತ್ತಿತ್ತು.

ಪರದೆಯ ಮೇಲಿನ 1.2ರ ವಿಷಯ. ಆ ಅಂಕೆ ಸುಳ್ಳು ಹೇಳಲಿಲ್ಲ. ಅದು ಆಕ್ಸಿಜನ್ ಅಳೆಯುವ ಸೆಲ್‌ಗಳ ಮಾತು, ಅವಕ್ಕೆ ಸಿಒ2 ಕಾಣುವುದೇ ಇಲ್ಲ. ಕೆಲವು ಯಂತ್ರಗಳಲ್ಲಿ ಸ್ಕ್ರಬ್ಬರಿನ ಬಿಸಿಯನ್ನು ಅಳೆಯುವ ಕಡ್ಡಿ ಇರುತ್ತದೆ. ಲೈಮಿನ ಯಾವ ಭಾಗ ಇನ್ನೂ ಕೆಲಸ ಮಾಡುತ್ತಿದೆ ಎಂದು ಅದು ತೋರಿಸುತ್ತದೆ, ಲೈಮನ್ನು ಮುಟ್ಟದೆ ಪಕ್ಕದಿಂದ ಹೋಗುವ ಸೋರಿಕೆಯನ್ನಲ್ಲ. ನಿಜಕ್ಕೂ ಹಿಡಿಯಬಲ್ಲದ್ದು ಎಳೆಯುವ ಉಸಿರಿನ ದಾರಿಯಲ್ಲಿ ಕೂರುವ ಸಿಒ2 ಸೆನ್ಸರ್ ಒಂದೇ. ಎಲ್ಲ ಯಂತ್ರಗಳಲ್ಲಿ ಅದಿಲ್ಲ, ಇದ್ದರೂ ತೇವಕ್ಕೆ ಹೆದರುತ್ತದೆ. ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಯಂತ್ರದ ಪಕ್ಕದಲ್ಲಿರುವ ಪಾರದರ್ಶಕ ಡಬ್ಬಿಯನ್ನು ಗಮನಿಸಿದ್ದೀರಾ? ಒಳಗಿರುವುದು ಇದೇ ಸೋಡಾ ಲೈಮ್, ಏಕಮುಖ ವಾಲ್ವ್‌ಗಳೂ ಇವೇ. ಅಲ್ಲಿ ರೋಗಿಯ ಪ್ರತಿ ಉಸಿರಿನ ಸಿಒ2 ಪರದೆಯ ಮೇಲೆ ಅಲೆಯಾಗಿ ಮೂಡುತ್ತಿರುತ್ತದೆ, ಅದನ್ನು ನೋಡುತ್ತ ಒಬ್ಬ ವೈದ್ಯರು ಕುಳಿತಿರುತ್ತಾರೆ. ಡೈವರ್ ಮಾತ್ರ ತಾನೇ ರೋಗಿ, ತಾನೇ ವೈದ್ಯ.

ಹಾಗಾದರೆ ಯಂತ್ರದ ದೋಷವೇ? ಮುರಿದದ್ದೇನೂ ಇಲ್ಲ, ಆ ಅರ್ಥದಲ್ಲಿ ಅಲ್ಲ. ಆದರೆ ಒಂದು ಮುಖ್ಯ ಬಿಡಿಭಾಗ ಇಲ್ಲದೆಯೂ ಮುಚ್ಚಳ ಸಲೀಸಾಗಿ ಕೂರುತ್ತದೆ ಎಂದರೆ ವಿನ್ಯಾಸ ಆ ತಪ್ಪಿಗೆ ಜಾಗ ಬಿಟ್ಟಿದೆ ಎಂದೇ ನನ್ನ ಅಭಿಪ್ರಾಯ. "ಎಲ್ಲವೂ ಡೈವರ್ ತಪ್ಪು" ಎಂದು ಕೈತೊಳೆದುಕೊಳ್ಳುವುದು ಈ ಕ್ಷೇತ್ರದ ಹಳೆಯ ಚಾಳಿ. 1998ರಿಂದ 2010ರವರೆಗಿನ 181 ರೀಬ್ರೀದರ್ ಸಾವುಗಳನ್ನು ಆಸ್ಟ್ರೇಲಿಯಾದ ವೈದ್ಯ ಆಂಡ್ರ್ಯೂ ಫಾಕ್ ವಿಶ್ಲೇಷಿಸಿ 2013ರಲ್ಲಿ ಪ್ರಕಟಿಸಿದರು. ಸಾವಿನ ಅಪಾಯ ಮಾಮೂಲಿ ಸ್ಕೂಬಾಗಿಂತ ಸುಮಾರು ಹತ್ತು ಪಟ್ಟು ಎಂಬುದು ಅವರ ಅಂದಾಜು. ಸುಮಾರು ಮೂರನೇ ಎರಡರಷ್ಟು ಪ್ರಕರಣಗಳಲ್ಲಿ ಅಪಾಯಕರ ನಡವಳಿಕೆಯ ಸುಳಿವಿತ್ತು. ದೋಷವಿದೆ ಎಂದು ಗೊತ್ತಿದ್ದೂ, ಅಲಾರಂ ಹೊಡೆದುಕೊಳ್ಳುತ್ತಿದ್ದರೂ ನೀರಿಗಿಳಿದದ್ದು ಅದರಲ್ಲಿ ಸೇರಿದೆ.

ಒಳಗೋಡೆಯ ತಪ್ಪು ಓ-ರಿಂಗ್ ಒಂದೇ ಅಲ್ಲ. ಕ್ಯಾನಿಸ್ಟರನ್ನು ಒತ್ತಿ ಹಿಡಿಯುವ ಸ್ಪೇಸರ್ ಉಂಗುರ ಅಥವಾ ಸ್ಪ್ರಿಂಗ್ ತಟ್ಟೆ ಬಿಟ್ಟುಹೋಗುವುದು, ತಲೆಕೆಳಗಾಗಿ ಕೂರಿಸುವುದು ಇದೇ ಫಲ ಕೊಡುತ್ತದೆ. ಕ್ಯಾನಿಸ್ಟರನ್ನೇ ಹಾಕದೆ ಮುಚ್ಚಳ ಮುಚ್ಚಿದವರೂ ಇದ್ದಾರೆ. ನನಗೆ ಹೆಚ್ಚು ಭಯ ಹುಟ್ಟಿಸುವುದು ಮೌತ್‌ಪೀಸಿನ ಎರಡು ಬದಿಯಲ್ಲಿರುವ ಏಕಮುಖ ಮಶ್ರೂಮ್ ವಾಲ್ವ್‌ಗಳು. ಐದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡ ರಬ್ಬರ್ ಬಿಲ್ಲೆಗಳು ಅವು. ಒಂದರ ಅಂಚು ಮಡಚಿದರೂ, ಉಪ್ಪಿನ ಹರಳೋ ಕೂದಲೋ ಸಿಕ್ಕಿಕೊಂಡರೂ, ಬಿಟ್ಟ ಉಸಿರು ಸ್ಕ್ರಬ್ಬರಿನ ಮುಖವನ್ನೇ ನೋಡದೆ ಬಂದ ದಾರಿಯಲ್ಲೇ ಮರಳುತ್ತದೆ. ಇದನ್ನು ಪರೀಕ್ಷಿಸಲು ಒಂದು ನಿಮಿಷ ಸಾಕು, ಆದರೆ ಮೆದುಗೊಳವೆಗಳನ್ನು ಕೌಂಟರ್‌ಲಂಗಿಗೆ ಸಿಕ್ಕಿಸುವ ಮೊದಲೇ ಮಾಡಬೇಕು. ಮೌತ್‌ಪೀಸ್ ತೆರೆದು, ಉಸಿರು ಬಿಡುವ ಬದಿಯ ಮೆದುಗೊಳವೆಯ ತುದಿಯನ್ನು ಅಂಗೈಯಿಂದ ಮುಚ್ಚಿ ಊದಿ. ಗಾಳಿ ಎಲ್ಲಿಗೂ ಹೋಗಬಾರದು. ಹೋದರೆ ಎಳೆಯುವ ಬದಿಯ ವಾಲ್ವ್ ಸೋರುತ್ತಿದೆ. ಈಗ ಎಳೆಯುವ ಬದಿಯ ತುದಿಯನ್ನು ಮುಚ್ಚಿ ಎಳೆಯಿರಿ. ಏನೂ ಬರಬಾರದು. ಬಂದರೆ ಬಿಡುವ ಬದಿಯದು ಸೋರುತ್ತಿದೆ. ಎರಡೂ ಸರಿಯಿದ್ದರೆ ಕೈ ತೆಗೆದು ನಾಲ್ಕು ಸಲ ಉಸಿರಾಡಿ, ಗಾಳಿ ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತದೆ ಎಂದು ನೋಡಿ. ಬಹುತೇಕ ಯಂತ್ರಗಳಲ್ಲಿ ಎಡದಿಂದ ಬಂದು ಬಲಕ್ಕೆ ಹೋಗಬೇಕು. ನಿಮ್ಮದಕ್ಕೆ ಅದರ ಕೈಪಿಡಿಯೇ ಪ್ರಮಾಣ.

ಪ್ರೀಬ್ರೀದ್‌ಗೆ ಬೆಲೆಯಿಲ್ಲ ಎಂದು ಮಾತ್ರ ಅಂದುಕೊಳ್ಳಬೇಡಿ. ಅದು ಹಿಡಿಯುವುದು ಬೇರೆ ಕಳ್ಳನನ್ನು, ಮುಚ್ಚಿದ ಆಕ್ಸಿಜನ್ ಸಿಲಿಂಡರನ್ನು. ಪರೀಕ್ಷೆಗೆ ತೆರೆದು ಮತ್ತೆ ಮುಚ್ಚಿದ ಸಿಲಿಂಡರಿನ ಮೆದುಗೊಳವೆಯಲ್ಲಿ ಒತ್ತಡ ಉಳಿದಿರುತ್ತದೆ. ಸೊಲೆನಾಯ್ಡ್ ಎಂಬ ವಿದ್ಯುತ್ ವಾಲ್ವ್ ಮೂರು ನಾಲ್ಕು ಸಲ ಟಕ್ ಟಕ್ ಎಂದು ಆಕ್ಸಿಜನ್ ಬಿಡುತ್ತದೆ, ಎಲ್ಲ ಸರಿಯಿದ್ದಂತೆ ಕಾಣುತ್ತದೆ, ಆಮೇಲೆ ಬರಿದು. ಲೂಪು, ಶ್ವಾಸಕೋಶ ಸೇರಿ 10 ಲೀಟರ್ ಎಂದಿಟ್ಟುಕೊಳ್ಳಿ. ಅದರಲ್ಲಿ ಮಾಮೂಲಿ ಗಾಳಿಯಷ್ಟೇ ಇದ್ದರೆ, ನಿಮಿಷಕ್ಕೆ ಒಂದು ಲೀಟರ್ ಆಕ್ಸಿಜನ್ ಸುಡುತ್ತ ಈಜುವವನಿಗೆ ಎಚ್ಚರ ತಪ್ಪುವ ಮಟ್ಟ, ಅಂದರೆ 0.10 ಬಾರ್, ಸುಮಾರು ಒಂದೂಕಾಲು ನಿಮಿಷದಲ್ಲಿ ಬರುತ್ತದೆ. ಸುಮ್ಮನೆ ಕುಳಿತವನಿಗೆ ಸುಮಾರು ನಾಲ್ಕು ನಿಮಿಷ. ಸಿಒ2 ತೆಗೆದುಹಾಕಲ್ಪಡುತ್ತಿರುವುದರಿಂದ ಉಸಿರು ಕಟ್ಟಿದ ಅನುಭವವೇ ಆಗುವುದಿಲ್ಲ, ದೀಪ ಆರಿದಂತೆ ಆರುತ್ತಾನೆ. ಆದ್ದರಿಂದ ಪ್ರೀಬ್ರೀದ್ ಮಾಡುವಾಗ ಕುಳಿತಿರಿ, ಮೂಗಿನಿಂದ ಹೊರಗಿನ ಗಾಳಿ ಸೇರದಂತೆ ಮಾಸ್ಕ್ ಹಾಕಿರಿ, ಪಕ್ಕದಲ್ಲಿ ಒಬ್ಬರಿರಲಿ. ಫೋನ್ ನೋಡುತ್ತ ಕೂರಬೇಡಿ, ಕಣ್ಣು ಪಿಒ2 ಮೇಲಿರಲಿ. ಅದು 0.7ರ ಸೆಟ್‌ಪಾಯಿಂಟಿನಿಂದ (ಯಂತ್ರ ಕಾಯ್ದುಕೊಳ್ಳಬೇಕಾದ ಮಟ್ಟದಿಂದ) ಇಳಿದು, ಮತ್ತೆ ಏರಿ, ಮತ್ತೆ ಇಳಿದು ಏರುವುದನ್ನು ಐದು ನಿಮಿಷ ಪೂರ್ತಿ ನೋಡಬೇಕು. ಇಳಿದದ್ದು ಏರದಿದ್ದರೆ ಅಲ್ಲಿಗೆ ನಿಲ್ಲಿಸಿ.

ಆಕ್ಸಿಜನ್ ಬದಿಯ ಇನ್ನೊಂದು ತಪ್ಪು ಅದಲುಬದಲು. ಕೈಯಿಂದ ಆಕ್ಸಿಜನ್ ಸೇರಿಸುವ ಗುಂಡಿಯ ಮೆದುಗೊಳವೆ, ಡೈಲ್ಯೂಯೆಂಟ್ (ಆಕ್ಸಿಜನ್ನನ್ನು ತೆಳುವಾಗಿಸುವ ಅನಿಲ) ಗುಂಡಿಯದು, ಎರಡಕ್ಕೂ ಒಂದೇ ಬಗೆಯ ಕನೆಕ್ಟರ್ ಇದ್ದರೆ ಸರ್ವಿಸ್ ಆದ ಮೇಲೆ ಅವು ಅದಲುಬದಲಾಗಬಹುದು. 30 ಮೀಟರಿನಲ್ಲಿ ಪಿಒ2 ಇಳಿಸಲೆಂದು ಗುಂಡಿ ಒತ್ತಿದವನು ಶುದ್ಧ ಆಕ್ಸಿಜನ್ ತುಂಬಿಕೊಳ್ಳುತ್ತಾನೆ. ಅಲ್ಲಿ ಶುದ್ಧ ಆಕ್ಸಿಜನ್ ಎಂದರೆ 4 ಬಾರ್, 1.6 ದಾಟಿದರೇ ಫಿಟ್ಸ್ ಬರುವ ಭಯ. ದಡದಲ್ಲೇ ಒಂದೊಂದು ಗುಂಡಿ ಒತ್ತಿ ಪಿಒ2 ಯಾವ ಕಡೆಗೆ ಹೋಗುತ್ತದೆ ಎಂದು ನೋಡಿದರೆ ಇದು ಸಿಕ್ಕಿಬೀಳುತ್ತದೆ. ಸೆಲ್‌ಗಳ ಬಗ್ಗೆ ಒಂದೇ ಮಾತು. ಗಾಳಿಯಲ್ಲಿ ತೋರಿಸುವ ಮಿಲಿವೋಲ್ಟನ್ನು 4.76ರಿಂದ ಗುಣಿಸಿ. 10.5 ತೋರಿಸುವ ಸೆಲ್ ಶುದ್ಧ ಆಕ್ಸಿಜನ್‌ನಲ್ಲಿ 50ರ ಹತ್ತಿರ ಬರಬೇಕು, ಬಾರದಿದ್ದರೆ ಅದು ಸೋತಿದೆ. ಯಂತ್ರದ ಮೂರೂ ಸೆಲ್‌ಗಳನ್ನು ಒಂದೇ ದಿನ ಬದಲಾಯಿಸಬೇಡಿ. ಒಟ್ಟಿಗೆ ಮುದಿಯಾದ ಎರಡು ಸೆಲ್‌ಗಳು ಸೇರಿ ಸರಿಯಾದ ಮೂರನೆಯದನ್ನು ಬಹುಮತದಿಂದ ಸೋಲಿಸುತ್ತವೆ.

ಇನ್ನು ನಿಮ್ಮ ಓ-ರಿಂಗಿಗೆ ಬರೋಣ. ಅದು ಕಳೆದದ್ದು ಬೆಳಿಗ್ಗೆಯಲ್ಲ, ಹಿಂದಿನ ರಾತ್ರಿ, ಒಣಗಲು ಬೇರೆ ಕಡೆ ಇಟ್ಟಾಗ. ಓ-ರಿಂಗನ್ನು ತೆಗೆದರೆ ಒರೆಸಿ, ನೋಡಿ, ತೆಳುವಾಗಿ ಗ್ರೀಸ್ ಸವರಿ ಆಗಲೇ ಅದರ ತೋಡಿನಲ್ಲಿ ಕೂರಿಸಿ. ಬೇರೆಯಾಗಿ ಎಂದೂ ಒಣಗಿಸಬೇಡಿ. ಆಕ್ಸಿಜನ್ ಸಿಲಿಂಡರಿನ ಬದಿಗೆ ಮಾಮೂಲಿ ಸಿಲಿಕೋನ್ ಗ್ರೀಸ್ ತಾಗಿಸಬೇಡಿ, ಅಲ್ಲಿ ಬೆಂಕಿಯ ಭಯವಿದೆ. ಬಿಚ್ಚಿದ ಭಾಗಗಳೆಲ್ಲ ಒಂದೇ ಟ್ರೇಯಲ್ಲಿರಲಿ. ಜೋಡಿಸಿದ ಮೇಲೆ ಟ್ರೇ ಖಾಲಿಯಾಗಿರಬೇಕು. ಕ್ಯಾನಿಸ್ಟರ್ ತುಂಬುವುದು ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು. ಮೂರನೇ ಒಂದು ಪಾಲು ಹಾಕಿ ಬದಿಗಳಿಗೆ ತಟ್ಟಿ, ಮತ್ತೆ ಹಾಕಿ ತಟ್ಟಿ, ಮೇಲ್ಮೈ ಸಮ ಮಾಡಿ ಮುಚ್ಚಿ. ಅಲ್ಲಾಡಿಸಿದರೆ ಗಲಗಲ ಎನ್ನಬಾರದು. ಪ್ರತಿ ಸಲ ತೂಕ ಹಾಕಿ ಬರೆದಿಡಿ. ಯಾವಾಗಲೂ ಬರುವ ತೂಕಕ್ಕಿಂತ ಇನ್ನೂರು ಗ್ರಾಂ ಕಡಿಮೆ ಬಂದರೆ ಒಳಗೆ ಎಲ್ಲೋ ಪೊಳ್ಳಿದೆ.

ಚೆಕ್‌ಲಿಸ್ಟ್ ಬಾಯಿಪಾಠ ಬೇಡ, ಕಾಗದದಲ್ಲಿರಲಿ. 2012ರಲ್ಲಿ ಅಮೆರಿಕದ ಆರ್ಲ್ಯಾಂಡೋದಲ್ಲಿ ಸೇರಿದ್ದ ಮೂರನೆಯ ರೀಬ್ರೀದರ್ ಸಮಾವೇಶವೂ ಲಿಖಿತ ಚೆಕ್‌ಲಿಸ್ಟಿಗೆ ಒತ್ತು ಕೊಟ್ಟಿತು. "ಒಳಗಿನ ಓ-ರಿಂಗ್" ಎಂಬ ಸಾಲಿಗೆ ಟಿಕ್ ಹಾಕಬೇಕಾದದ್ದು ಬೆರಳಿನಿಂದ ಮುಟ್ಟಿ ನೋಡಿದ ಮೇಲೆ. ನಡುವೆ ಯಾರಾದರೂ ಮಾತನಾಡಿಸಿದರೆ ಆ ಭಾಗವನ್ನು ಮೊದಲಿನಿಂದ ಮಾಡಿ. ಕೋರ್ಸಿನಲ್ಲಿ ಗುಂಪಾಗಿ ಹರಟುತ್ತ ಜೋಡಿಸುವ ರೂಢಿ ಇರುತ್ತದೆ, ಅದರಿಂದ ದೂರ ಕುಳಿತುಕೊಳ್ಳಿ.

ಮುಂದುವರಿಸಬೇಕೇ ಎಂಬುದಕ್ಕೆ ಮೂರು ದಾರಿಗಳಿವೆ. ಇದೇ ಯಂತ್ರದಲ್ಲಿ ಮುಂದುವರಿಯಬಹುದು. ಹಾಗಾದರೆ ತರಬೇತುದಾರರು ಜೋಡಣೆಯ ಪ್ರತಿ ಹಂತವನ್ನೂ ಪಕ್ಕದಲ್ಲಿ ನಿಂತು ನೋಡಬೇಕು, ಮತ್ತು ನೀವು ಹೊರುವ ಬೇಲ್‌ಔಟ್ ಸಾಕಷ್ಟಿರಬೇಕು. ಸಿಒ2 ಏರಿದವನು ನಿಮಿಷಕ್ಕೆ 50 ಲೀಟರ್ ಎಳೆಯಬಲ್ಲ. 30 ಮೀಟರಿನಲ್ಲಿ ಅದು 200 ಲೀಟರ್. ಯಂತ್ರದ ಬೆನ್ನಿನ 3 ಲೀಟರ್ ಸಿಲಿಂಡರ್ 200 ಬಾರ್ ತುಂಬಿದ್ದರೂ ಮೂರೇ ನಿಮಿಷ, 11 ಲೀಟರಿನದು ಹನ್ನೊಂದು ನಿಮಿಷ. ಬೇಲ್‌ಔಟಿಗೆ ಬದಲಾಯಿಸಿದ ಮೇಲೂ ಏದುಸಿರು ಕೆಲವು ನಿಮಿಷ ನಿಲ್ಲುವುದಿಲ್ಲ ಎಂಬುದು ಈಗ ನಿಮಗೇ ಗೊತ್ತು. ಆ ಅವಸ್ಥೆಯಲ್ಲಿ ಬಾಯಿಂದ ಒಂದನ್ನು ತೆಗೆದು ಇನ್ನೊಂದನ್ನು ಹಾಕಿಕೊಳ್ಳುವುದೇ ಕೆಲವರಿಗೆ ಆಗುವುದಿಲ್ಲ. ಮೌತ್‌ಪೀಸಿನಲ್ಲೇ ಇರುವ ಬೇಲ್‌ಔಟ್ ವಾಲ್ವಿಗೆ ಹಣ ಹಾಕಿದರೆ ದಂಡವಲ್ಲ. ಮೌತ್‌ಪೀಸನ್ನು ತಲೆಗೆ ಬಿಗಿಯುವ ಪಟ್ಟಿಯನ್ನೂ ಹಾಕಿಕೊಳ್ಳಿ. 1979ರಿಂದ 2009ರವರೆಗಿನ ಫ್ರೆಂಚ್ ಸೇನಾ ಡೈವರ್‌ಗಳ ದಾಖಲೆಯಲ್ಲಿ ರೀಬ್ರೀದರ್ ಬಳಸುವಾಗ 54 ಮಂದಿ ನೀರಿನಡಿ ಎಚ್ಚರ ತಪ್ಪಿದ್ದಾರೆ, ಮುಳುಗಿ ಸತ್ತವರು ಮೂವರು. ಆ ಪಟ್ಟಿಯೂ ಪಕ್ಕದ ಜೊತೆಗಾರನೂ ಉಳಿದವರನ್ನು ಕಾಪಾಡಿದವು ಎಂಬುದು ಅದರ ವಿವರಣೆ.

ಎರಡನೆಯ ದಾರಿ, ತಪ್ಪಿಗೆ ಕಡಿಮೆ ಜಾಗ ಬಿಡುವ ಯಂತ್ರ. ಪೊಸೈಡನ್ ಎಂಕೆ6 ಮಾದರಿಯಂಥವು ಕಾರ್ಖಾನೆಯಲ್ಲೇ ತುಂಬಿದ ಸ್ಕ್ರಬ್ಬರ್ ಬಳಸುತ್ತವೆ, ನೀರಿಗಿಳಿಯುವ ಮುಂಚಿನ ಪರೀಕ್ಷೆಗಳನ್ನು ಹಲವು ಮಟ್ಟಿಗೆ ತಾವೇ ನಡೆಸುತ್ತವೆ. ತುಂಬುವ ತಪ್ಪು ಇಲ್ಲವಾಗುತ್ತದೆ. ಓ-ರಿಂಗ್ ಮರೆಯುವ ತಪ್ಪು ಉಳಿದೇ ಇರುತ್ತದೆ, ಮತ್ತು ಯಂತ್ರವೇ ಎಲ್ಲ ನೋಡಿಕೊಳ್ಳುತ್ತದೆ ಎಂಬ ಸೋಮಾರಿತನ ಜೊತೆಗೆ ಬರುತ್ತದೆ.

ಮೂರನೆಯದು ಸ್ಕೂಬಾಗೆ ಮರಳುವುದು. ನಿಮ್ಮ ಡೈವ್‌ಗಳು ನೇತ್ರಾಣಿಯಂಥವೇ ಆಗಿದ್ದರೆ, 15–20 ಮೀಟರ್, ಮುಕ್ಕಾಲು ಗಂಟೆ, ಅದಕ್ಕೆ ರೀಬ್ರೀದರ್ ಬೇಕಿಲ್ಲ ಎಂದು ಮುಲಾಜಿಲ್ಲದೆ ಹೇಳುತ್ತೇನೆ. ಆಳದ ಹಡಗುಗಳು, ಉದ್ದದ ಡೈವ್, ಗುಳ್ಳೆಗೆ ಬೆದರುವ ಜೀವಿಗಳ ಚಿತ್ರೀಕರಣ, ಇವುಗಳಲ್ಲಿ ಯಾವುದಾದರೂ ನಿಮ್ಮ ಗುರಿಯಾಗಿದ್ದರೆ ಮಾತ್ರ ಇಷ್ಟೆಲ್ಲ ಪಾಡು ಪಡುವುದಕ್ಕೆ ಅರ್ಥವಿದೆ. ಮನೆಯವರಿಗೆ ಉತ್ತರ ಕೊಡುವ ಮುಂಚೆ ನಿಮಗೆ ನೀವೇ ಇದನ್ನು ಕೇಳಿಕೊಳ್ಳಿ. ಅವರನ್ನು ಒಂದು ದಿನ ಜೋಡಣೆಯ ಹೊತ್ತಿಗೆ ಕೂರಿಸಿ ಚೆಕ್‌ಲಿಸ್ಟ್ ಓದಿಸಿದರೂ ತಪ್ಪಿಲ್ಲ. ಸಾಲು ಓದುವವರು ಡೈವರೇ ಆಗಿರಬೇಕೆಂದಿಲ್ಲ.

ಡಬ್ಬಿಯಲ್ಲಿರುವ ಲೈಮನ್ನು ಮತ್ತೆ ತುಂಬಬೇಡಿ. ಕ್ಯಾನಿಸ್ಟರಿನೊಳಗೆ ಹಾಗೇ ಮುಚ್ಚಿದ್ದರೆ ಮಾತು ಬೇರೆಯಿತ್ತು. ಸುರಿದೊಡನೆ ಸವೆದ ಹರಳು, ಸವೆಯದ ಹರಳು ಕಲೆತುಹೋಗಿವೆ. ಮತ್ತೆ ತುಂಬಿದರೆ ಯಾವುದು ಎಲ್ಲಿ ಕೂರುತ್ತದೆ ಎಂದು ಹೇಳಲಾಗುವುದಿಲ್ಲ. ನೋಡಿದರೂ ತಿಳಿಯುವುದಿಲ್ಲ, ಬಣ್ಣ ಬದಲಾಗುವ ಬಗೆಯ ಲೈಮ್ ಕೂಡ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಬೆಳ್ಳಗಾಗುತ್ತದೆ. ಸವೆದದ್ದು ಬಹುಪಾಲು ಸುಣ್ಣದ ಕಲ್ಲಿನ ಪುಡಿಯೇ, ಆದರೆ ಕ್ಷಾರ ಉಳಿದಿರುತ್ತದೆ. ಚೀಲಕ್ಕೆ ಕಟ್ಟಿ ಒಣ ಕಸಕ್ಕೆ ಹಾಕಿ, ಸಮುದ್ರಕ್ಕೆ ಸುರಿಯಬೇಡಿ.